ಹಳೆಯ ಕಾರು ಗುಜರಿಯಲ್ಲ, ಕುಶಲ ಕೆಲಸದ ಮಾರುಕಟ್ಟೆ

ಮೂವತ್ತು ವರ್ಷ ಹಳೆಯ ಜರ್ಮನ್ ಕಾರೊಂದನ್ನು ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಕಾಪಾಡಿಕೊಳ್ಳುವವರನ್ನು ಕಂಡಾಗ, ಇದು ಸಿರಿವಂತರ ಶೋಕಿ ಎಂದು ನಮ್ಮ ವ್ಯಾಪಾರಿ ಬಂಧುಗಳು ಸಹಜವಾಗಿಯೇ ಭಾವಿಸುತ್ತಾರೆ. ಕೊಳ್ಳುವವರ ಕಡೆಯಿಂದ ನೋಡಿದರೆ ಆ ಮಾತಿನಲ್ಲಿ ಸತ್ಯವೂ ಇದೆ. ಆದರೆ ಅದೇ ಕಾರನ್ನು ದುರಸ್ತಿ ಮಾಡುವ, ಅದಕ್ಕೆ ಬಿಡಿಭಾಗ ತಯಾರಿಸುವ ಕೈಗಳ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ವಿಜಯಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಸಣ್ಣ ಉದ್ದಿಮೆದಾರರು ಈ ಎರಡನೆಯ ಲೆಕ್ಕವನ್ನು ಗಮನಿಸಬೇಕು, ಸರ್ಕಾರವೂ ಗಮನಿಸಬೇಕು ಎಂಬುದೇ ಈ ಲೇಖನದ ಆಶಯ.

ಜಾಬ್ ವರ್ಕ್‌ನಿಂದ ಹುಟ್ಟಿದ ಕಾರು

ಸಂಗ್ರಾಹಕರು ಇಂದು ಆಸೆಪಡುವ ಕಾರುಗಳಲ್ಲಿ ಮರ್ಸಿಡಿಸ್-ಬೆಂಜ್ 500 ಇ ಮುಖ್ಯವಾದುದು. 1990ರಲ್ಲಿ ಪ್ಯಾರಿಸ್ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು ಹೊರನೋಟಕ್ಕೆ ಡಬ್ಲ್ಯು 124 ಸರಣಿಯ ಸಾಧಾರಣ ಸೆಡಾನ್. ಒಳಗಿರುವುದು ಮಾತ್ರ 5 ಲೀಟರಿನ, 8 ಸಿಲಿಂಡರಿನ, 326 ಅಶ್ವಶಕ್ತಿಯ ಎಂಜಿನ್. ಅಗಲವಾದ ಮುಂಬದಿಯ ಮಡ್‌ಗಾರ್ಡುಗಳಿಂದಾಗಿ ಅದರ ಶರೀರವು ತಾಯಿಕಂಪನಿಯ ಜೋಡಣಾ ಸಾಲಿಗೆ ಹೊಂದಲಿಲ್ಲ. ಆದ್ದರಿಂದ ಅದರ ಅಭಿವೃದ್ಧಿಯ ಕಾರ್ಯವನ್ನೂ ಜೋಡಣೆಯ ಬಹುಭಾಗವನ್ನೂ ನೆರೆಯ ಪೋರ್ಷೆ ಕಂಪನಿಗೆ ವಹಿಸಲಾಯಿತು. ಮಾರಾಟ ಕುಸಿದು ಸಂಕಷ್ಟದಲ್ಲಿದ್ದ ಪೋರ್ಷೆಗೆ ಈ ಕೆಲಸ ಆಸರೆಯಾಯಿತು. 1995ರ ವರೆಗೆ ತಯಾರಾದವು ಸುಮಾರು 10,500 ಕಾರುಗಳು ಮಾತ್ರ. ಜಗತ್ಪ್ರಸಿದ್ಧ ಸಂಸ್ಥೆಯೊಂದು ಕಷ್ಟಕಾಲದಲ್ಲಿ ಮತ್ತೊಬ್ಬರ ಜಾಬ್ ವರ್ಕನ್ನು ಮರ್ಯಾದೆಯಿಂದ ಮಾಡಿತು, ಆ ಕೆಲಸದ ಗುಣಮಟ್ಟವೇ ಇಂದು ಆ ಕಾರಿನ ಬೆಲೆಯಾಗಿದೆ. ಜಾಬ್ ವರ್ಕನ್ನೇ ನೆಚ್ಚಿಕೊಂಡಿರುವ ನಮ್ಮ ಘಟಕಗಳಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇದೇ ಡಬ್ಲ್ಯು 124 ಸರಣಿ ಭಾರತಕ್ಕೂ ಹೊರತಲ್ಲ. 1994ರಲ್ಲಿ ಸ್ಥಾಪನೆಗೊಂಡ ಮರ್ಸಿಡಿಸ್-ಬೆಂಜ್ ಇಂಡಿಯಾ, 1995ರಲ್ಲಿ ಪುಣೆಯಲ್ಲಿ ಮೊದಲು ಜೋಡಿಸಿದ್ದು ಇದೇ ಸರಣಿಯ ಕಾರುಗಳನ್ನು. ಆ ಮೊದಲ ಕಾರುಗಳಿಗೆ 2025ಕ್ಕೆ 30 ವರ್ಷ ತುಂಬಿತು.

ಬೆಲೆ ನಿಲ್ಲುವುದು ಯಾವುದರ ಮೇಲೆ?

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ರೀಲರು ಗೂಡಿನ ಹೊಳಪನ್ನು ಮಾತ್ರ ನೋಡಿ ಹರಾಜು ಕೂಗುವುದಿಲ್ಲ; ಕೈಯಲ್ಲಿ ಹಿಡಿದು, ಒತ್ತಿ, ಅಲುಗಿಸಿ, ಎಷ್ಟು ನೂಲು ಬಂದೀತು ಎಂದು ಅಂದಾಜಿಸುತ್ತಾರೆ. ಹಳೆಯ ಕಾರಿನ ಪರೀಕ್ಷೆಯೂ ಅಂಥದ್ದೇ. ಹೊಸ ಬಣ್ಣ ಬಳಿದ ಕಾರಿಗಿಂತ ಮೂಲ ಬಣ್ಣ ಉಳಿಸಿಕೊಂಡ ಕಾರಿಗೆ ಬೆಲೆ ಹೆಚ್ಚು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ದಾಖಲೆಗೆ ತಾಳೆಯಾಗಬೇಕು, ಸರ್ವೀಸ್ ಪುಸ್ತಕ ಮತ್ತು ಹಳೆಯ ಬಿಲ್ಲುಗಳು ಇರಬೇಕು, ತಳಭಾಗಕ್ಕೆ ತುಕ್ಕು ಹಿಡಿದಿರಬಾರದು. ಅಂದರೆ ಬೆಲೆ ನಿಲ್ಲುವುದು ಎರಡು ಆಧಾರಗಳ ಮೇಲೆ: ದಾಖಲೆ ಮತ್ತು ನಿರಂತರವಾದ ಒಳ್ಳೆಯ ದುರಸ್ತಿ. ಮೊದಲನೆಯದು ಮಾಲೀಕರ ಶಿಸ್ತು. ಎರಡನೆಯದು ನಮ್ಮವರ ಕಸುಬು.

ಈ ಕಸುಬಿಗೆ ಇರುವ ಅವಕಾಶವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. 1990ರ ದಶಕದ ಆರಂಭದ ಅನೇಕ ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ನಿನ ವಿದ್ಯುತ್ ತಂತಿಗಳ ಹೊದಿಕೆ ಶಾಖಕ್ಕೆ ಒಣಗಿ ಪುಡಿಯಾಗುತ್ತದೆ. ಆಗ ತಂತಿಗಳ ಇಡೀ ಕಟ್ಟನ್ನೇ, ಅಂದರೆ ವೈರಿಂಗ್ ಹಾರ್ನೆಸ್ಸನ್ನೇ, ಹೊಸದಾಗಿ ಮಾಡಬೇಕಾಗುತ್ತದೆ. ಇದು ದೊಡ್ಡ ಯಂತ್ರಗಳ ಕೆಲಸವಲ್ಲ; ನಿಖರವಾದ ಅಳತೆ, ಸರಿಯಾದ ತಂತಿ ಮತ್ತು ತಾಳ್ಮೆ ಇದ್ದರೆ ಸಣ್ಣ ಘಟಕವೂ ಮಾಡಬಲ್ಲದು. ಎರಡನೆಯದು ಇಂಧನದ ಪ್ರಶ್ನೆ. ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಲಾಗಿದೆ. ಹಳೆಯ ಕಾರುಗಳ ರಬ್ಬರ್ ಪೈಪು, ವಾಷರು, ಸೀಲುಗಳನ್ನು ಇಂಥ ಇಂಧನಕ್ಕಾಗಿ ರೂಪಿಸಿರಲಿಲ್ಲ. ಎಥನಾಲ್ ತಾಳುವ ರಬ್ಬರಿನಲ್ಲಿ ಅವೇ ಅಳತೆಯ ಭಾಗಗಳನ್ನು ಮಾಡಿಕೊಡುವವರಿಗೆ ಐಷಾರಾಮಿ ಕಾರುಗಳ ಮಾಲೀಕರಷ್ಟೇ ಅಲ್ಲ, ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಮಾಲೀಕರೂ ಗ್ರಾಹಕರೇ.

ಜರ್ಮನ್ ಗುಣಮಟ್ಟ ನಮ್ಮ ಭಾಗಕ್ಕೆ ಅಪರಿಚಿತವಲ್ಲ. 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಾರ್ಖಾನೆಯ ಸುತ್ತ ಬೆಂಗಳೂರಿನಲ್ಲಿ ನಿಖರ ಕೆಲಸದ ಪರಂಪರೆಯೊಂದು ಬೆಳೆದಿದೆ. ಪೀಣ್ಯದ ಟೂಲ್ ರೂಮುಗಳ ಕೌಶಲ್ಯವನ್ನು ಹೊಸದಾಗಿ ಹೇಳಬೇಕಿಲ್ಲ. ಕಾಪಾಡುವ ಸಂಸ್ಕೃತಿಯೂ ನಮ್ಮಲ್ಲಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹ ನಾಡಿಗೆಲ್ಲ ಪರಿಚಿತ. ಶ್ರೀರಂಗಪಟ್ಟಣದ ಸಮೀಪ ಮೈಸೂರು ಹೆದ್ದಾರಿಯಲ್ಲಿರುವ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಅಂಥ ವಾಹನಗಳನ್ನು ಸಾರ್ವಜನಿಕರು ನೋಡಬಹುದು.

ನಿಯಮದಲ್ಲಿರುವ ಕಂದಕ

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ರೂಪಿಸಿದ್ದು ಸ್ವಾಗತಾರ್ಹ. ಆದರೆ ಅದು ಅನ್ವಯಿಸುವುದು 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆ ಮಾತ್ರ. 1995ರ ಪುಣೆಯ ಕಾರು ಆ ಸ್ಥಾನ ಪಡೆಯಲು 2045ರ ವರೆಗೆ ಕಾಯಬೇಕು. ಅಲ್ಲಿಯವರೆಗೆ ಕಾನೂನಿನ ದೃಷ್ಟಿಯಲ್ಲಿ ಅದು ಬರೀ ಹಳೆಯ ವಾಹನ. 2025ರ ಆಗಸ್ಟ್‌ನ ತಿದ್ದುಪಡಿಯಂತೆ, 20 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ, ಆಮದಾದ ಕಾರಿಗೆ 80,000 ರೂಪಾಯಿ ಶುಲ್ಕ. ಹೊಗೆಯುಗುಳುತ್ತ ದಿನವಿಡೀ ಓಡುವ ಹಳೆಯ ಕಾರಿಗೂ, ತಿಂಗಳಿಗೆರಡು ಬಾರಿ ಹೊರಬರುವ ಸುಸ್ಥಿತಿಯ ಕಾರಿಗೂ ಒಂದೇ ತಕ್ಕಡಿ.

ಮಾಲಿನ್ಯ ತಡೆಯುವ ಉದ್ದೇಶವನ್ನು ನಾವು ವಿರೋಧಿಸುತ್ತಿಲ್ಲ. ಅನರ್ಹ ವಾಹನಗಳು ಗುಜರಿಗೆ ಹೋಗಲೇಬೇಕು. ಆದರೆ ಎರಡನ್ನೂ ಬೇರ್ಪಡಿಸುವ ಮಾರ್ಗವನ್ನು ಜರ್ಮನಿ 1997ರಲ್ಲಿಯೇ ತೋರಿಸಿದೆ. ಅಲ್ಲಿ 30 ವರ್ಷ ತುಂಬಿದ, ಮೂಲಸ್ಥಿತಿಯಲ್ಲಿದೆಯೆಂದು ತಜ್ಞರು ಪ್ರಮಾಣೀಕರಿಸಿದ ವಾಹನಕ್ಕೆ ‘ಎಚ್’ ಅಕ್ಷರದ ಫಲಕವನ್ನು ನೀಡುತ್ತಾರೆ. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಕಾರಿಗೆ ವರ್ಷಕ್ಕೆ ಸುಮಾರು 191 ಯೂರೋ ನಿಗದಿತ ತೆರಿಗೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೂ 30 ವರ್ಷವನ್ನೇ ಅಳತೆಗೋಲಾಗಿ ಒಪ್ಪಿದೆ. ಇಂಥ ಭರವಸೆ ಇರುವಲ್ಲಿ ಮಾಲೀಕರು ದುರಸ್ತಿಗೆ ಹಣ ಹೂಡುತ್ತಾರೆ, ಬಿಡಿಭಾಗದ ಉದ್ಯಮ ಬೆಳೆಯುತ್ತದೆ. ಸ್ವತಃ ಮರ್ಸಿಡಿಸ್ ಕಂಪನಿಯೇ 1993ರಿಂದ ಸ್ಟುಟ್‌ಗಾರ್ಟ್ ಬಳಿಯ ಫೆಲ್‌ಬಾಕ್‌ನಲ್ಲಿ ತನ್ನ ಹಳೆಯ ಕಾರುಗಳಿಗಾಗಿಯೇ ಕೇಂದ್ರವೊಂದನ್ನು ನಡೆಸುತ್ತಿದೆ.

ಆಗಬೇಕಾದುದು

ಈ ದಿಸೆಯಲ್ಲಿ ಕೆಳಕಂಡ ಸಲಹೆಗಳನ್ನು ಮುಂದಿಡಬಯಸುತ್ತೇವೆ.

1. 30ರಿಂದ 50 ವರ್ಷದ ನಡುವಿನ, ಮೂಲಸ್ಥಿತಿಯ ವಾಹನಗಳಿಗೆ ಪ್ರತ್ಯೇಕ ವರ್ಗ ರಚಿಸುವಂತೆ ವಾಣಿಜ್ಯ ಸಂಸ್ಥೆಗಳು ರಾಜ್ಯದ ಮೂಲಕ ಕೇಂದ್ರ ಸಾರಿಗೆ ಸಚಿವಾಲಯವನ್ನು ಒತ್ತಾಯಿಸಬೇಕು. ಬಳಕೆಗೆ ಮಿತಿ ಹಾಕಲಿ, ವಾರ್ಷಿಕ ತಪಾಸಣೆ ಇರಲಿ. ಶುಲ್ಕ ಮಾತ್ರ ದಂಡದಂತಿರಬಾರದು.

2. ಬಿಡಿಭಾಗ ತಯಾರಿಸುವವರು ತಮ್ಮ ಹೆಸರಿನಲ್ಲಿಯೇ ಮಾರಬೇಕು. ಮೂಲ ಕಂಪನಿಯ ಲಾಂಛನ ಒತ್ತಿ ಮಾರುವುದು ನಕಲಿ ವ್ಯಾಪಾರ. ಅದು ಅಪರಾಧ ಮಾತ್ರವಲ್ಲ, ಇಡೀ ಊರಿನ ಹೆಸರಿಗೆ ಕಳಂಕ.

3. ಮಾಡಿದ ಪ್ರತಿಯೊಂದು ಕೆಲಸಕ್ಕೂ ವಿವರವಾದ ಬಿಲ್ಲು ಮತ್ತು ಛಾಯಾಚಿತ್ರ ಕೊಡುವ ಪದ್ಧತಿ ಬರಬೇಕು. ಆ ಕಾಗದವೇ ನಾಳೆ ಕಾರಿನ ಬೆಲೆಯ ಭಾಗವಾಗುತ್ತದೆ.

ಕೊಳ್ಳಬಯಸುವ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಅಂಗಡಿಯ ದುಡಿಯುವ ಬಂಡವಾಳವನ್ನು ತೆಗೆದು ಇಂಥ ಕಾರಿಗೆ ಹಾಕುವುದು ವಿವೇಕವಲ್ಲ. ಅದಕ್ಕೆ ಬಡ್ಡಿ ಬರುವುದಿಲ್ಲ, ಬೇಕಾದಾಗ ಕೊಳ್ಳುವವರು ಸಿಗುವ ಖಾತರಿಯೂ ಇಲ್ಲ. ಇನ್ನು, ಹಳೆಯ ವಾಹನಗಳ ವ್ಯಾಪಾರ ಮಾಡುವ ನೋಂದಾಯಿತ ವರ್ತಕರು ಲಾಭಾಂಶದ ಮೇಲೆ ಶೇಕಡಾ 18 ಜಿಎಸ್‌ಟಿ ತೆರಬೇಕೆಂದು 2024ರ ಡಿಸೆಂಬರಿನ ಮಂಡಳಿ ಸಭೆ ನಿರ್ಧರಿಸಿದ್ದನ್ನು ಮರೆಯಬಾರದು. ಇದರಲ್ಲಿ ಖಚಿತ ಆದಾಯವಿರುವುದು ಕಾರನ್ನು ಇಟ್ಟುಕೊಳ್ಳುವವರಿಗಿಂತ, ಅದನ್ನು ಸುಸ್ಥಿತಿಯಲ್ಲಿಡುವವರಿಗೆ. ಆ ಕೆಲಸವನ್ನು ಬಲ್ಲ ಹಿರಿಯ ಮೆಕ್ಯಾನಿಕ್ಕರು ಇಂದು ವಯಸ್ಸಾಗುತ್ತಿದ್ದಾರೆ. ಅವರ ಬಳಿ ಕಲಿಯುವ ಹುಡುಗರಿಗೆ ನಾಳೆ ಕೆಲಸವಿದೆ ಎಂಬ ಭರವಸೆ ಕೊಡುವುದು ನಿಯಮ ಮಾಡುವವರ ಮತ್ತು ಉದ್ಯಮ ನಡೆಸುವವರ ಕೂಡು ಹೊಣೆ. ಈ ಕುರಿತು ಸದಸ್ಯರು ಸಭೆಯಲ್ಲಿ ಚರ್ಚಿಸಿ ಮನವಿಯೊಂದನ್ನು ಸಿದ್ಧಪಡಿಸುವುದು ಸೂಕ್ತ.