ಮೆಲುಕು, ತಕ್ಕಡಿ ಮತ್ತು ನಾಯಿಯ ಮೂತಿ

ಯೋಚನೆ ಕಣ್ಣಿಗೆ ಕಾಣುವ ಕೆಲಸವಲ್ಲ. ಅದಕ್ಕೇ ಅದರ ಹೆಸರುಗಳು ಕೊಟ್ಟಿಗೆಯಿಂದಲೋ ಸಂತೆಯಿಂದಲೋ ಕಡ ಬಂದಿರುತ್ತವೆ. ಇಂಗ್ಲಿಷಿನ ‘ಪಾಂಡರ್’ ಒಳಗೆ ಭಾರ ಎಂಬರ್ಥದ ಲ್ಯಾಟಿನ್ ಪದವಿದೆ, ‘ಡೆಲಿಬರೇಟ್’ ಒಳಗೆ ತಕ್ಕಡಿ. ‘ಕಂಟೆಂಪ್ಲೇಟ್’ನಲ್ಲಿ, ಶಕುನ ನೋಡಲೆಂದು ರೋಮಿನ ಪುರೋಹಿತರು ಗುರುತು ಮಾಡಿಕೊಳ್ಳುತ್ತಿದ್ದ ಆವರಣವಿದೆ. ‘ರೂಮಿನೇಟ್’ ಅಂತೂ ದನದ ಮೆಲುಕು.

ಹೀಗೆ ಬೇರು ಕೆದಕುವುದರಿಂದ ಲಾಭವುಂಟೆ? ಉಂಟು. ನಿಘಂಟು ನಾಲ್ಕಕ್ಕೂ ‘ಆಲೋಚಿಸು’ ಎಂದುಬಿಟ್ಟರೆ ಬಣ್ಣ ಮಾಸುತ್ತದೆ. ತಕ್ಕಡಿಗೆ ಎರಡು ತಟ್ಟೆ. ಪರ ವಿರೋಧ ಕೇಳಿ ತೀರ್ಮಾನಿಸುವ ಜ್ಯೂರಿಯ ಕೆಲಸಕ್ಕೆ ‘ಡೆಲಿಬರೇಟ್’ ಒಪ್ಪುವುದು ಅದಕ್ಕೇ. ಸುಮ್ಮನೆ ಕೂತು ದಿಟ್ಟಿಸುವವನಿಗೆ ಎರಡನೆಯ ತಟ್ಟೆ ಬೇಕಿಲ್ಲ, ಅವನದು ‘ಕಂಟೆಂಪ್ಲೇಟ್’. ‘ಅಳೆದು ತೂಗಿ’ ಮಾತಾಡುವವನಿಗೂ ‘ಅಳೆದೂ ಸುರಿದೂ’ ಕೂರುವವನಿಗೂ ಇರುವ ಅಂತರ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬೇರು ದಾರಿ ತಪ್ಪಿಸುವುದೂ ಉಂಟು. ‘ಮ್ಯೂಸ್’ ಎಂದರೆ ತನ್ಮಯನಾಗಿ ಯೋಚಿಸುವುದು. ಗ್ರೀಕರ ಕಲಾದೇವತೆಯರ ಹೆಸರೇ ಇದರ ಮೂಲವೆಂದು ಹಲವರು ಭಾವಿಸುತ್ತಾರೆ. ಅದು ಬಂದದ್ದು ಹಳೆಯ ಫ್ರೆಂಚಿನಿಂದ. ವಾಸನೆ ತಪ್ಪಿದ ನಾಯಿ ಮೂತಿ ಎತ್ತಿ ನಿಲ್ಲುವ ಭಂಗಿ ಅದರ ಹಿಂದಿದೆ ಎಂಬುದು ಒಂದು ವಿವರಣೆ. (ದೇವತೆಯೇ ಚೆನ್ನಾಗಿತ್ತು ಅನಿಸುತ್ತದೆ, ನಿಜ.) ‘ಕನ್ಸಿಡರ್’ನಲ್ಲಿ ನಕ್ಷತ್ರಗಳಿವೆ ಎಂಬ ಹಳೆಯ ಮಾತಿನ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಇದ್ದರೂ, ಸಾಲದ ಅರ್ಜಿಯನ್ನು ‘ಕನ್ಸಿಡರ್’ ಮಾಡುವ ಬ್ಯಾಂಕಿನವರು ಆಕಾಶ ನೋಡುವುದಿಲ್ಲ. ವ್ಯುತ್ಪತ್ತಿಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿರುವ ಹೆಸರಿನೊಳಗೇ ‘ನಿಜ’ ಎಂಬ ಗ್ರೀಕ್ ಪದ ಕೂತಿರುವುದರಿಂದ, ಹಳೆಯ ಅರ್ಥವೇ ನಿಜವಾದ ಅರ್ಥ ಎಂಬ ಭ್ರಮೆ ಸುಲಭವಾಗಿ ಅಂಟುತ್ತದೆ.

ಬೇರಿಗಿಂತ ಬಳಕೆಯೇ ದೊಡ್ಡದು ಎಂಬುದಕ್ಕೆ ಮೆಲುಕೇ ಸಾಕ್ಷಿ. ಕನ್ನಡದಲ್ಲಿ ನಾವು ಬಾಲ್ಯವನ್ನೋ ಗೆಳೆತನವನ್ನೋ ಮೆಲುಕು ಹಾಕುತ್ತೇವೆ, ಅದರಲ್ಲಿ ಸವಿಯುಂಟು. ಇಂಗ್ಲಿಷಿನಲ್ಲಿ ಅದೇ ದನ ಆಸ್ಪತ್ರೆ ಸೇರಿದೆ. ನೋವನ್ನೇ ಮತ್ತೆ ಮತ್ತೆ ಅಗಿಯುವವರ ಖಿನ್ನತೆ ದೀರ್ಘವಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸಿಮಾ 1991ರಲ್ಲಿ ವಾದಿಸಿದರು. ಅಂದಿನಿಂದ ಮನಶ್ಶಾಸ್ತ್ರದಲ್ಲಿ ‘ರೂಮಿನೇಷನ್’ ಬಹುಮಟ್ಟಿಗೆ ತೊಂದರೆಯ ಹೆಸರು.

ಮೇಷ್ಟ್ರುಗಳು ಬೇರಿನ ಕಥೆ ಹೇಳಲಿ, ಮಕ್ಕಳಿಗೆ ಪದ ನೆನಪುಳಿಯುತ್ತದೆ. ಅನುವಾದಕರಲ್ಲಿ ಮಾತ್ರ ಒಂದು ವಿನಂತಿ: ಮನೋವೈದ್ಯರ ಬರಹದಲ್ಲಿ ‘ರೂಮಿನೇಷನ್’ ಕಂಡರೆ ಬರೀ ‘ಮೆಲುಕು’ ಎಂದು ಬರೆದು ಮುಂದೆ ಹೋಗಬೇಡಿ.