ಕರೆಂಟ್ ಕಾರು ಕೊಳ್ಳುವ ಮುಂಚೆ ಮೀಟರ್ ಬೋರ್ಡ್ ನೋಡಿ

2024–25ರಲ್ಲಿ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅಂದಿನಿಂದ ನಾಪೋಕ್ಲು ಪೇಟೆಯಲ್ಲಿ ಎಲ್ಲಿ ನಿಂತರೂ ಕಾರಿನ ಮಾತು. ಅದರಲ್ಲೂ ಕರೆಂಟ್ ಕಾರಿನ ಮಾತು. "ಟಾಟಾ ಒಳ್ಳೇದಾ, ಎಂಜಿ ಒಳ್ಳೇದಾ?" ಅಂತ ಕೇಳುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಕಂಪೆನಿಯ ಹೆಸರು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮೂರು ಪ್ರಶ್ನೆಗಳಿವೆ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಮನೆಯ ಕರೆಂಟು ಹೇಗಿದೆ? ಮನೆಯಲ್ಲಿ ಬೇರೆ ವಾಹನ ಉಂಟೋ?

ಓಡಿದರೆ ಲಾಭ, ನಿಂತರೆ ನಷ್ಟ

ಒಂದು ಲೆಕ್ಕ ಹಾಕೋಣ. ನಮ್ಮ ಏರು ತಗ್ಗಿನ ರಸ್ತೆಯಲ್ಲಿ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಹಿಡಿಯಿರಿ. ಕಿಲೋಮೀಟರಿಗೆ ಆರೂವರೆ ರೂಪಾಯಿಗೂ ಮೇಲೆ ಬಿತ್ತು. ಸಣ್ಣ ಕರೆಂಟ್ ಕಾರು ಒಂದು ಯೂನಿಟ್ಟಿಗೆ 6 ಕಿ.ಮೀ. ಓಡಲಿ, ಯೂನಿಟ್ಟಿಗೆ 6 ರೂಪಾಯಿ ಇರಲಿ. ಕಿಲೋಮೀಟರಿಗೆ ಒಂದೇ ರೂಪಾಯಿ! ಕೇಳಲು ಸೊಗಸಾಗಿದೆ.

ಆದರೆ ಸಣ್ಣ ಬೆಳೆಗಾರನ ಕಾರು ಎಷ್ಟು ಓಡುತ್ತದೆ? ಮೂರ್ನಾಡು, ಮಡಿಕೇರಿ, ವಿರಾಜಪೇಟೆ, ಒಂದೆರಡು ಮದುವೆ. ತಿಂಗಳಿಗೆ 500 ಕಿ.ಮೀ. ಅಂದುಕೊಳ್ಳಿ. ಉಳಿತಾಯ 2,800 ರೂಪಾಯಿ, ವರ್ಷಕ್ಕೆ ಸುಮಾರು 34 ಸಾವಿರ. ಕರೆಂಟ್ ಕಾರಿಗೆ ಮೊದಲೇ 3 ಲಕ್ಷ ಹೆಚ್ಚು ಕೊಟ್ಟಿದ್ದರೆ ಆ ಹಣ ವಾಪಸ್ ಬರಲು 9 ವರ್ಷ ಬೇಕು. ಬ್ಯಾಟರಿಗೆ ಹೆಚ್ಚಿನ ಕಂಪೆನಿಗಳು ಕೊಡುವ ಗ್ಯಾರಂಟಿ 8 ವರ್ಷದ್ದು.

ಅದೇ ತಿಂಗಳಿಗೆ 1,500 ಕಿ.ಮೀ. ಓಡಿಸುವವರಿದ್ದಾರೆ. ದಿನಾ ಮಕ್ಕಳನ್ನು ಶಾಲೆಗೆ ಬಿಟ್ಟು ಮಡಿಕೇರಿಗೆ ಕೆಲಸಕ್ಕೆ ಹೋಗುವವರು, ಹೋಂಸ್ಟೇ ನಡೆಸುವವರು. ಅವರಿಗೆ ವರ್ಷಕ್ಕೆ ಲಕ್ಷ ರೂಪಾಯಿ ಉಳಿಯುತ್ತದೆ. ಮೂರು ವರ್ಷದಲ್ಲಿ ಹೆಚ್ಚು ಕೊಟ್ಟದ್ದು ಕೈಗೆ ಬಂತು. ಅಂಥವರು ಧೈರ್ಯವಾಗಿ ಕೊಳ್ಳಬಹುದು. ಎಂಜಿನ್ ಆಯಿಲ್, ಕ್ಲಚ್ ಇವುಗಳ ಕಾಟವೂ ಇಲ್ಲ.

200 ಯೂನಿಟ್ಟಿನ ಗೆರೆ

ಇನ್ನೊಂದು ವಿಷಯ ಶೋರೂಮಿನವರು ಹೇಳುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಮ್ಮದು. ಮನೆಗೆ 120 ಯೂನಿಟ್ ಬೇಕು ಅಂತಿಟ್ಟುಕೊಳ್ಳಿ. ಕಾರಿಗೆ 83 ಯೂನಿಟ್ ಸೇರಿದರೆ 203. ಮೂರು ಯೂನಿಟ್ ದಾಟಿದ್ದಕ್ಕೆ ಪುಕ್ಕಟೆ ಸಿಗುತ್ತಿದ್ದ 120 ಯೂನಿಟ್ಟೂ ಹೋಯಿತು. 2,800ರ ಉಳಿತಾಯ 2,100ಕ್ಕೆ ಇಳಿಯಿತು. 3 ಲಕ್ಷ ತುಂಬಲು 9 ವರ್ಷದ ಬದಲು 12 ವರ್ಷ! ಆದ್ದರಿಂದ ಹಳೆಯ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡೇ ಕಾರಿನ ಮಾತು ಆಡಿ.

ಮಳೆಗಾಲದ ಪರೀಕ್ಷೆ

ಬೆಂಗಳೂರಿನವರ ಅನುಭವ ಓದಿ ನಾವು ತೀರ್ಮಾನ ಮಾಡುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ, ಕರೆಂಟು ಹೋಗುತ್ತದೆ. 2018ರ ಭೂಕುಸಿತ, 2019ರ ಪ್ರವಾಹ ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಪೆಟ್ರೋಲಾದರೆ ಕ್ಯಾನಿನಲ್ಲಿ ತರಬಹುದು. ಕರೆಂಟನ್ನು ಯಾವ ಕ್ಯಾನಿನಲ್ಲಿ ತರುವುದು? ಚಿಕ್ಕ ಜನರೇಟರಿಗೆ ಈ ಹೊರೆ ತಡೆಯದು. ದೊಡ್ಡದರಿಂದ ಚಾರ್ಜ್ ಮಾಡಿದರೆ ಉಳಿತಾಯದ ಮಾತೇ ಇಲ್ಲ.

"ಸೋಲಾರ್ ಹಾಕಿಸಿದರೆ ಆಯ್ತಲ್ಲ?" ಅಂತೀರಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇಟ್ಟರು. ಒಳ್ಳೆಯದೇ. ಆದರೆ ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನಿನ ಜೀವ ಕಾಯಲು ಮಾಡಿದ ವ್ಯವಸ್ಥೆ ಅದು. ಮೇಲಾಗಿ ನಮ್ಮ ಜುಲೈ ತಿಂಗಳಲ್ಲಿ ಬಿಸಿಲೆಲ್ಲಿದೆ?

ಬೇಸಿಗೆಯಲ್ಲಿ ಬೇರೆ ಕಥೆ. ಫೆಬ್ರವರಿ–ಮಾರ್ಚ್‌ನಲ್ಲಿ ಹೂವಿಗೆಂದು ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ತಿರುಗುತ್ತದೆ, ಲೈನಿನ ಕೊನೆಯ ಮನೆಗಳಲ್ಲಿ ಬಲ್ಬು ಕೆಂಪಗಾಗುತ್ತದೆ. ವೋಲ್ಟೇಜ್ ತೀರಾ ಇಳಿದರೆ ಕಾರಿನ ಚಾರ್ಜರ್ ಕೆಲಸ ನಿಲ್ಲಿಸುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೂ ಅಷ್ಟೆ. ಹಳೇ ಮನೆಯವರು ಕಾರಿಗೆ ಮುಂಗಡ ಕೊಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್, ವಯರು ನೋಡಿಸಲಿ. ಮೋಟರಿಗೆ ಹಾಕುವ 15 ಆಂಪಿಯರ್ ಪ್ಲಗ್ಗಿನಲ್ಲಿ 24 ಯೂನಿಟ್ಟಿನ ಬ್ಯಾಟರಿ ತುಂಬಲು ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಆ ವಯರು ತಣ್ಣಗಿರಬೇಕು.

ನೀರಿನ ಬಗ್ಗೆ ಎರಡು ಮಾತು. ಬ್ಯಾಟರಿಗೆ "ಐಪಿ 67" ಅಂತ ಬರೆದಿರುತ್ತಾರೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಎಂಬುದು ಅದರ ಅರ್ಥ. ಇದು ನಿಂತ ನೀರಿನ ಪರೀಕ್ಷೆ. ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಬಂದಾಗ ಅದನ್ನು ನಂಬಿ ಇಳಿಯಬೇಡಿ. ಹರಿಯುವ ನೀರಿಗೆ ಯಾವ ಕಾರಾದರೂ ಒಂದೇ.

ಯಾವ ಕಾರು?

ಇಷ್ಟೆಲ್ಲ ಸರಿ ಕಂಡರೆ ಈಗ ಕಂಪೆನಿಯ ಮಾತು. 2023ರಲ್ಲಿ ಬಂದ ಎಂಜಿ ಕಾಮೆಟ್‌ನ ಬ್ಯಾಟರಿ 17.3 ಯೂನಿಟ್ಟಿನದು. ಪೇಟೆಯಲ್ಲಿ ನಿಲ್ಲಿಸಲು ಸುಲಭ. ಆದರೆ ಎರಡೇ ಬಾಗಿಲು, 12 ಇಂಚಿನ ಚಕ್ರ, ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ. ತೋಟದ ಹೊಂಡದ ದಾರಿಗೂ ಮೈಸೂರಿಗೆ ಹೋಗಿಬರಲೂ ಇದು ತಕ್ಕದ್ದಲ್ಲ. 2022ರಲ್ಲಿ ಬಂದ ಟಾಟಾ ಟಿಯಾಗೊಗೆ 19.2 ಮತ್ತು 24 ಯೂನಿಟ್ಟಿನ ಬ್ಯಾಟರಿಗಳು. ನಮಗಾದರೆ ದೊಡ್ಡದೇ ಬೇಕು. 2024ರ ಜನವರಿಯಲ್ಲಿ 25 ಮತ್ತು 35 ಯೂನಿಟ್ಟಿನ ಬ್ಯಾಟರಿಯೊಂದಿಗೆ ಬಂದ ಪಂಚ್ ನೆಲದಿಂದ 190 ಮಿ.ಮೀ. ಎತ್ತರ. ಕಲ್ಲುದಾರಿಯ ಮನೆಗೆ ಈ ಮೂರರಲ್ಲಿ ಅದೇ ವಾಸಿ, ಬೆಲೆಯೂ ಹಾಗೇ.

2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ ಬ್ಯಾಟರಿಯನ್ನು ಕಿಲೋಮೀಟರಿಗೆ 3.50 ರೂಪಾಯಿ ಬಾಡಿಗೆಗೆ ಕೊಡುವ ಪದ್ಧತಿ ತಂದರು. ಕಾರಿನ ಬೆಲೆ ಕಡಿಮೆ ಕಾಣುತ್ತದೆ. ಆದರೆ ಬಾಡಿಗೆ, ಕರೆಂಟು ಎರಡೂ ಸೇರಿದರೆ ಕಿಲೋಮೀಟರಿಗೆ ನಾಲ್ಕೂವರೆ ಆಯಿತು. ತಿಂಗಳಿಗೆ ಕನಿಷ್ಠ ಇಷ್ಟು ಓಡಿಸಲೇಬೇಕು ಎಂಬ ಷರತ್ತಿದೆಯೇ ಅಂತ ಕೇಳಿ. ಕೆಲವು ಮಾಡೆಲ್ಲುಗಳಿಗೆ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೆ. ಕಾಫಿ ಕುತ್ತಿಗೆ ಟಯರಿನ ಪಕ್ಕ ಹರಿದರೆ ಆ ಕಿಟ್ ಏನೂ ಮಾಡದು.

ಕಂಪೆನಿ ಹೇಳುವ ದೂರವನ್ನು ನಂಬಿ ಹೊರಡಬೇಡಿ. ಏರಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಇಳಿಜಾರಿನಲ್ಲಿ ಒಂದಿಷ್ಟು ವಾಪಸ್ ತುಂಬುತ್ತದೆ. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮೈಸೂರು ಇಲ್ಲವೇ ಮಂಗಳೂರು, ಎರಡೂ ನೂರು ಕಿಲೋಮೀಟರಿಗೂ ದೂರ. ನಡುರಾತ್ರಿ ಹೊರಡಬೇಕಾದಾಗ ಬ್ಯಾಟರಿಯಲ್ಲಿ ಎಷ್ಟಿದೆ ಎಂಬುದು ಜೀವದ ಪ್ರಶ್ನೆ.

ರೇವಾ ಹೇಳುವ ಪಾಠ

ಕರ್ನಾಟಕಕ್ಕೆ ಕರೆಂಟ್ ಕಾರು ಹೊಸತಲ್ಲ. ಬೆಂಗಳೂರಿನ ಚೇತನ್ ಮೈನಿಯವರ ರೇವಾ 2001ರಲ್ಲೇ ಮಾರಾಟಕ್ಕೆ ಬಂತು. ಇನ್ವರ್ಟರಿನಲ್ಲಿ ಇರುವಂಥ ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. 2010ರಲ್ಲಿ ಮಹೀಂದ್ರದವರು ಆ ಕಂಪೆನಿ ಕೊಂಡರು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇಟೂಓ ತಂದರು. ಇಂದು ಎರಡೂ ತಯಾರಾಗುತ್ತಿಲ್ಲ. ಬ್ಯಾಟರಿ ಮುದಿಯಾದರೆ ಕಾರೂ ಮುದಿಯಾದಂತೆ. ಹಾಗಾಗಿ ರಿಪೇರಿ ಎಲ್ಲಿ, ಬಿಡಿಭಾಗ ಬರಲು ಎಷ್ಟು ದಿನ, ಬ್ಯಾಟರಿ ಬದಲಿಸಲು ಎಷ್ಟು ಹಣ, ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ.

ಕೊನೆಯ ಮಾತು ಇಷ್ಟೆ. ಮನೆಯಲ್ಲಿ ಜೀಪೋ ಪಿಕಪ್ಪೋ ಇದ್ದು, ದಿನಾ ಓಡಾಟವೂ ಇದ್ದರೆ ಕರೆಂಟ್ ಕಾರು ಒಳ್ಳೆಯ ಎರಡನೇ ವಾಹನ. ಗೊಬ್ಬರ ತರಲು, ಕಾಫಿ ಚೀಲ ಸಾಗಿಸಲು, ಆಸ್ಪತ್ರೆಗೆ ಓಡಲು ಇರುವುದು ಒಂದೇ ವಾಹನವಾದರೆ ಸದ್ಯಕ್ಕೆ ಅವಸರ ಬೇಡ. ಒಂದು ಒಳ್ಳೆ ಫಸಲಿನ ಹಣ ತೋಟದ ಕೆರೆಗೂ ಮೆಣಸಿನ ಬಳ್ಳಿಗೂ ಬೇಕಾಗಿದೆ. ಈಗಾಗಲೇ ಎರಡು ಮಳೆಗಾಲ ಕರೆಂಟ್ ಕಾರು ಓಡಿಸಿದ ಕೃಷಿಕರು ನಮ್ಮಲ್ಲಿರಬಹುದು. ಅವರು ಕರೆಂಟ್ ಬಿಲ್ಲಿನ ಸಮೇತ ತಮ್ಮ ಲೆಕ್ಕ ಬರೆದರೆ ನನ್ನ ಲೆಕ್ಕಕ್ಕಿಂತ ಅದೇ ಹೆಚ್ಚು ಬೆಲೆಯುಳ್ಳದ್ದು.