ಉರುಳು ಹೋಗಲಿ, ಮಾತು ಉಳಿಯಲಿ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಪೂರ್ಣ ಮಲೆನಾಡೂ ಅಲ್ಲದ, ಪೂರ್ಣ ಬಯಲೂ ಅಲ್ಲದ ಸೀಮೆಗೆ ಸೇರಿದ ಊರು. ಒಂದು ದಿಕ್ಕಿಗೆ ಭದ್ರೆಯ ಕಾಡು, ಇನ್ನೊಂದು ದಿಕ್ಕಿಗೆ ಜಗಳೂರಿನ ಕುರುಚಲು ಗುಡ್ಡಗಳು. ಇಂಥ ನಡುನಾಡಿನಲ್ಲಿ ಎರಡು ಸೀಮೆಗಳ ಮಾತು ಕೂಡುತ್ತದೆ. ಉರುಳು, ಕಣ್ಣಿ, ಬೋನು, ಮರಸು, ಹಳು, ಸೋವು, ದೀವ, ಮಿಕ ಮುಂತಾದ ಬೇಟೆಯ ಪದಗಳು ಹಿರಿಯರ ನಾಲಗೆಯಿಂದ ಕಿರಿಯರ ನಾಲಗೆಗೆ ಇಳಿಯುವುದು ನಿಲ್ಲುತ್ತಿದೆ. ಇದಕ್ಕೆ ಎರಡು ಗುಂಪುಗಳು ಹೊಣೆ. ಬೇಟೆ ನಿಂತ ಮೇಲೆ ಅದರ ಮಾತೇಕೆ ಎನ್ನುವವರು ಒಂದು ಕಡೆ. ಮಾತು ಹಳೆಯದಾದ್ದರಿಂದ ಬೇಟೆಯೂ ನಡೆಯಲಿ ಎನ್ನುವವರು ಇನ್ನೊಂದು ಕಡೆ. ಇಬ್ಬರ ವಾದವೂ ತಪ್ಪು.

ಈ ಪದಗಳು ಕೇವಲ ಕೊಲ್ಲುವ ಉಪಾಯಗಳ ಹೆಸರುಗಳಲ್ಲ. ಮರಸು ಎಂದರೆ ಪ್ರಾಣಿಗೆ ಕಾಣದಂತೆ ಅಡಗಿ ಕಾಯುವ ತಾವು. ಗಾಳಿ ಎತ್ತಣಿಂದ ಬೀಸುತ್ತದೆ, ಯಾವ ಮರದ ಹಣ್ಣು ಯಾವಾಗ ಉದುರುತ್ತದೆ, ಬೇಸಿಗೆಯಲ್ಲಿ ಯಾವ ಹೊಂಡದಲ್ಲಿ ನೀರುಳಿಯುತ್ತದೆ ಎಂದು ತಿಳಿಯದವನು ಮರಸು ಕೂರಲಾರ. ಹಳು ಎಂದರೆ ಒತ್ತಾದ ಪೊದೆಗಾಡು. ಹಳು ಸೋವುವುದೆಂದರೆ ಅದರೊಳಗಿನ ಮಿಕವನ್ನು ಸದ್ದು ಮಾಡಿ ಹೊರಗೆ ಅಟ್ಟುವುದು. ಹಂದಿ ಹಗಲು ಎಲ್ಲಿ ಮಲಗುತ್ತದೆ, ಬೆದರಿದಾಗ ಯಾವ ಓಣಿ ಹಿಡಿಯುತ್ತದೆ ಎಂಬ ಅರಿವು ಆ ಒಂದು ಕ್ರಿಯಾಪದದಲ್ಲಿದೆ. ದೀವ ಎಂದರೆ ಸಾಕಿದ ಹಕ್ಕಿ ಅಥವಾ ಮಿಗದ ಮೂಲಕ ಕಾಡಿನದನ್ನು ಸೆಳೆಯುವ ಉಪಾಯ. ತನ್ನ ನೆಲದಲ್ಲಿ ಇನ್ನೊಂದು ಗೌಜಲಹಕ್ಕಿ ಕೂಗಿದರೆ ಕಾಡಿನ ಗೌಜಲು ಸುಮ್ಮನಿರದು ಎಂಬುದನ್ನು ಹಳ್ಳಿಯವರು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಇಂದು ವನ್ಯಜೀವಿ ವಿಜ್ಞಾನದ ವಿದ್ಯಾರ್ಥಿ ವರ್ಷಗಟ್ಟಲೆ ಶ್ರಮಿಸಿ ಗಳಿಸುವ ತಿಳಿವಳಿಕೆಯ ಒಂದು ಪಾಲು ಈ ಪದಗಳಲ್ಲಿ ಅಡಕವಾಗಿದೆ.

ಇವುಗಳ ಹಿರಿತನವೂ ಸಣ್ಣದಲ್ಲ. ಬೇಟೆಯ ಹಳಗನ್ನಡ ರೂಪ ಬೇಂಟೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಸಾವಿರ ವರ್ಷ ಕಳೆದ ಮೇಲೆ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಮಲೆನಾಡಿನ ಬೇಟೆಯ ನುಡಿಯನ್ನು ಸಾಹಿತ್ಯಕ್ಕೆ ತಂದವು. ಆದರೆ ಕಾದಂಬರಿಯಲ್ಲಿ ಉಳಿದ ಪದ ಊರಿನಲ್ಲಿ ಉಳಿದಂತಲ್ಲ. ಅರ್ಥಕೋಶ ನೋಡಿ ತಿಳಿಯಬೇಕಾದ ದಿನ ಬಂದರೆ ಆ ಪದದ ಹಿಂದಿನ ಕಾಡು ಮರೆತುಹೋಗಿರುತ್ತದೆ.

ಹಾಗಾದರೆ ಪರಂಪರೆಯ ಹೆಸರಿನಲ್ಲಿ ಬೇಟೆಯನ್ನು ಸಮರ್ಥಿಸುವವರ ಮಾತು ನಿಜವೆ? ಖಂಡಿತ ಅಲ್ಲ. ಹಿಂದಿನ ಉರುಳು ನಾರಿನದು. ಅದು ಮಳೆಗೆ ಕೊಳೆಯುತ್ತಿತ್ತು, ಬಲವಾದ ಪ್ರಾಣಿ ಎಳೆದರೆ ಹರಿಯುತ್ತಿತ್ತು. ಇಂದಿನ ಉರುಳು ಬೈಕಿನ ಕ್ಲಚ್ ಕೇಬಲಿನದು, ಉಕ್ಕಿನ ತಂತಿಯದು. ಅದು ಕೊಳೆಯದು, ಹರಿಯದು, ಹಂದಿಗೂ ಚಿರತೆಗೂ ಕರಡಿಗೂ ಭೇದವೆಣಿಸದು. ಒಡ್ಡಿದವನು ಮರೆತರೂ ಅದು ಕಾಯುತ್ತಲೇ ಇರುತ್ತದೆ. ಬೇಲಿಗೆ ಕದ್ದು ಹರಿಸಿದ ವಿದ್ಯುತ್ತು, ಹಣ್ಣಿನಲ್ಲಿ ಅಡಗಿಸಿದ ಸಿಡಿಮದ್ದು ಇವುಗಳಿಗೆ ಹಳೆಯ ನುಡಿಯಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ಕೆಲಸಕ್ಕೆ ಪರಂಪರೆ ಎಲ್ಲಿಂದ ಬಂತು? ಹಂದಿ ನುಗ್ಗಿದ ತೋಟದ ರೈತನ ಸಂಕಟ ಸುಳ್ಳಲ್ಲ. ಅದಕ್ಕೆ ಬೇಕಾದದ್ದು ತಡವಿಲ್ಲದ ಬೆಳೆ ಪರಿಹಾರ ಮತ್ತು ಊರೊಟ್ಟಿನ ಕಾವಲು. ತಂತಿಯ ಉರುಳು ಅದಕ್ಕೆ ಉತ್ತರವಲ್ಲ.

ಇನ್ನೊಂದು ಗುಂಪು ಈ ಮಾತುಗಳನ್ನೇ ಅಪರಾಧದ ಗುರುತೆಂದು ಬಗೆಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ವಿವರಿಸುವಾಗ ಕೊಲ್ಲುವುದನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಉರುಳೊಡ್ಡುವುದು, ಬಲೆಗೆ ಕೆಡಹುವುದು, ಸೋವುವುದು, ಆಮಿಷವಿಡುವುದು ಎಲ್ಲವನ್ನೂ ಎಣಿಸುತ್ತದೆ. ಈ ಒಂದೊಂದಕ್ಕೂ ಹಳ್ಳಿಯಲ್ಲಿ ಹೆಸರಿದೆ. ಆ ಹೆಸರುಗಳನ್ನೇ ಅರಿಯದ ಕಾವಲುಗಾರ ಏನನ್ನು ತಡೆದಾನು? ಅರಮನೆಯ ಖೆಡ್ಡಾ ಕೊನೆಯ ಬಾರಿಗೆ ನಡೆದದ್ದು 1971ರಲ್ಲಿ. ಅದು ಚಿತ್ರಗಳಲ್ಲಿ, ಪುಸ್ತಕಗಳಲ್ಲಿ ವೈಭವದ ನೆನಪಾಗಿ ಉಳಿದಿದೆ. ಬಡವನ ಕಣ್ಣಿ ಮಾತ್ರ ನಾಚಿಕೆಯ ಮಾತಾಗಿದೆ. ದೊರೆ ಹಿಡಿದರೆ ಇತಿಹಾಸ, ಬಡವ ಹಿಡಿದರೆ ಕಳವು ಎಂಬ ಈ ಅಳತೆ ನ್ಯಾಯದ್ದಲ್ಲ.

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳಗಳಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಕ್ಕಿ ಹಿಡಿಯುವ ಕಸುಬು ಅವರ ಹೆಸರಿನಲ್ಲೇ ಇದೆ. ಮನೆಯೊಳಗೆ ಅವರದು ವಾಗ್ರಿ ಬೋಲಿ. ಕಾನೂನು ಕಸುಬನ್ನು ನಿಲ್ಲಿಸಿತು. ಅವರಲ್ಲಿ ಹಲವರು ಮೂಲಿಕೆ, ತೈಲಗಳನ್ನು ಮಾರುತ್ತ ಆಫ್ರಿಕಾದವರೆಗೆ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಲುಕಿದವರಲ್ಲಿ ಚನ್ನಗಿರಿಯವರೂ ಇದ್ದರು. ಬಲೆಯನ್ನು ಕೆಳಗಿಡಿ ಎಂದ ಸಮಾಜ, ಹಕ್ಕಿಗಳ ಬಗೆಗೆ ಅವರಿಗಿದ್ದ ಅರಿವನ್ನು ಕೇಳಿ ಪಡೆಯುವ ಗೋಜಿಗೆ ಹೋಗಲಿಲ್ಲ.

ಜನರ ಮಾತು ಕಾಡನ್ನು ಕಾಯಬಲ್ಲದೆಂಬುದಕ್ಕೆ ಸಾಕ್ಷಿ ಜಗಳೂರಿನಲ್ಲಿದೆ. 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗದ ವನ್ಯಜೀವಿಧಾಮಕ್ಕೆ ಹೆಸರು ಕೊಟ್ಟದ್ದು ಕೊಂಡುಕುರಿ. ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಕಾಣುವ, ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಅಂಜುಬುರುಕ ಪ್ರಾಣಿಯನ್ನು ಕುರಿಯಿಂದಲೂ ಜಿಂಕೆಯಿಂದಲೂ ಬೇರೆಯೆಂದು ಗುರುತಿಸಿ ಕರೆದದ್ದು ಗುಡ್ಡದ ಜನ. ಸರ್ಕಾರದ ಫಲಕ ಆ ಹೆಸರನ್ನು ಅವರಿಂದಲೇ ಪಡೆಯಿತು.

ಆದ್ದರಿಂದ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಕಣ್ಣೆದುರಿಗಿದೆ. ಹಿರಿಯರ ಬಳಿ ಕೂತು ಒಂದೊಂದು ಪದವನ್ನೂ ಊರಿನ ಹೆಸರಿನೊಡನೆ, ಪ್ರಾಣಿಯ ಹೆಸರಿನೊಡನೆ, ಋತುವಿನೊಡನೆ ಬರೆದುಕೊಳ್ಳಬೇಕು. ಉರುಳು ಕಟ್ಟುವ ಬಗೆಯನ್ನಲ್ಲ, ಉರುಳು ಒಡ್ಡುತ್ತಿದ್ದವನಿಗೆ ತಿಳಿದಿದ್ದ ಜಾಡನ್ನು ಕೇಳಬೇಕು. ಹೇಳಿದವರ ಮೇಲೆ ಹಳೆಯ ಬೇಟೆಯ ಗುಮಾನಿ ಬೀಳದಂತೆ ಅವರ ಹೆಸರನ್ನು ಕಾಪಾಡಬೇಕು. ಅರಣ್ಯ ಇಲಾಖೆ ಕಾವಲುಗಾರರ ತರಬೇತಿಯಲ್ಲಿ ಈ ಪದಗಳಿಗೆ ಸ್ಥಾನ ಕೊಡಬೇಕು. ತೋಟದ ಅಂಚಿನಲ್ಲಿ ತಂತಿಯ ಉರುಳು ಕಂಡರೆ ಊರೇ ನಿಂತು ಅದನ್ನು ಬಿಚ್ಚಿಸಬೇಕು. ಜಾಡು ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ಅವರು ಹೋದ ಮೇಲೆ ಉರುಳು ಎಲ್ಲಿದೆ ಎಂದು ತೋರಿಸಬಲ್ಲವರೂ ಇರುವುದಿಲ್ಲ.